‘ಆ ಪತ್ರಿಕೆ ತೆಗೆದುಬಿಡಿ’ ಎಂದರೆ ಗ್ರಂಥಾಲಯದವರು ಏನು ಮಾಡಬೇಕು?

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ, 11 ವರ್ಷಗಳಿಂದ ಮೇಲ್ವಿಚಾರಕಿಯಾಗಿದ್ದೇನೆ. ಪಂಚಾಯಿತಿ ಚುನಾವಣೆಯ ಮಾತು ಶುರುವಾದ ಮೇಲೆ ಕೆಲಸ ಕಷ್ಟವಾಗಿದೆ. ಸದಸ್ಯರೊಬ್ಬರು ಬಂದು, ‘ಈ ಎರಡು ಪತ್ರಿಕೆ ಇಲ್ಲಿ ಬೇಡ, ತೆಗೆದುಬಿಡಿ, ದುಡ್ಡು ಕೊಡುವವರು ನಾವು’ ಎಂದರು. ಇನ್ನೊಬ್ಬರು ಪುಸ್ತಕ ಕೊಡುವ ರಿಜಿಸ್ಟರನ್ನು ತಿರುವಿ ಹಾಕಿ, ಯಾರು ಏನು ಓದುತ್ತಾರೆ ಎಂದು ನೋಡಿದರು. ತೋಟದ ಲೈನ್‌ಮನೆಯ (ಕಾರ್ಮಿಕರ ಸಾಲುಮನೆಯ) ಒಬ್ಬರು ರಸ್ತೆ ಕೆಲಸದ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡಿ ಎಂದು ಕೇಳಿದಾಗ ನನಗೆ ಕೈ ನಡುಗಿತು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಷಯ ಬಂದರೆ ಪತ್ರಿಕೆ ಮೇಜಿನಲ್ಲೇ ಜಗಳವಾಗುತ್ತದೆ. ‘ಗ್ರಂಥಾಲಯಕ್ಕೆ ರಾಜಕೀಯ ಯಾಕೆ, ನೀತಿಸಂಹಿತೆ ಬಂದರೆ ಪತ್ರಿಕೆಯನ್ನೇ ಇಡುವ ಹಾಗಿಲ್ಲ’ ಎನ್ನುವವರೂ ಇದ್ದಾರೆ. ನನ್ನ ಗೌರವಧನ ಪಂಚಾಯಿತಿಯ ಮೂಲಕವೇ ಬರುವುದು. ನಾನು ಎಲ್ಲಿಯವರೆಗೆ ಹೋಗಬಹುದು? ಸದ್ಯಕ್ಕೆ ಆ ಎರಡು ಪತ್ರಿಕೆಗಳನ್ನು ಒಳಗೆ ಎತ್ತಿಟ್ಟಿದ್ದೇನೆ. ಮತ್ತೆ ಮೇಜಿನ ಮೇಲೆ ಇಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಪತ್ರಿಕೆ, ರಿಜಿಸ್ಟರ್, ಅರ್ಜಿ, ಜಗಳ ಎಂದು ನಾಲ್ಕು ಪ್ರಶ್ನೆಗಳಿವೆ. ಅವುಗಳ ಅಡಿಯಲ್ಲಿ ನೀವು ಬಾಯಿಬಿಟ್ಟು ಕೇಳದ ಐದನೆಯದೊಂದಿದೆ: ಇದನ್ನೆಲ್ಲ ಮಾಡಿ ನನ್ನ ಕೆಲಸ ಉಳಿಯುತ್ತದೆಯೇ? ಆ ಭಯ ಸುಳ್ಳಲ್ಲ. ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂತ ನನ್ನಂಥವಳು ಗೌರವಧನದಲ್ಲಿ ಸಂಸಾರ ನಡೆಸುವವರಿಗೆ ಧೈರ್ಯ ತಂದುಕೊಳ್ಳಿ ಎನ್ನುವುದು ಸುಲಭ. ಹಾಗಾಗಿ ನಿಮಗೆ ಅಪಾಯ ಕಡಿಮೆಯಾಗುವ ದಾರಿ ಯಾವುದು ಎಂಬುದನ್ನೂ ಸೇರಿಸಿಯೇ ಬರೆಯುತ್ತೇನೆ.

ಮೊದಲು ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಸಣ್ಣ ಪಟ್ಟಣದ ವಾಚನಾಲಯದಲ್ಲಿ, ಊರಿನ ಪ್ರಭಾವಿಯೊಬ್ಬರು ಒಂದು ವಾರಪತ್ರಿಕೆಯನ್ನು ತೆಗೆಯಿರಿ ಎಂದರು. ಒಂದೇ ಒಂದು ಪತ್ರಿಕೆ, ಯಾಕೆ ಗಲಾಟೆ ಎಂದುಕೊಂಡು ಬೀರುವಿನೊಳಗೆ ಇಟ್ಟೆ. ಎಂಟು ದಿನ ಕಳೆಯುವುದರೊಳಗೆ ಅವರ ಎದುರಾಳಿ ಕಡೆಯವರು ಬಂದರು: ‘ಅವರ ಮಾತು ಕೇಳಿದಿರಲ್ಲ, ನಮ್ಮದನ್ನೂ ಕೇಳಿ, ಈ ದಿನಪತ್ರಿಕೆ ತೆಗೆಯಿರಿ.’ ನನ್ನ ಬಳಿ ಉತ್ತರ ಇರಲಿಲ್ಲ. ಮೊದಲನೆಯದನ್ನು ತೆಗೆಯಲು ನನಗೆ ನಿಯಮ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. ಹಾಗಿರುವಾಗ ಎರಡನೆಯದನ್ನು ಉಳಿಸಿಕೊಳ್ಳಲು ಯಾವ ನಿಯಮ ತೋರಿಸಲಿ? ಕೊನೆಗೆ ಮೇಜಿನ ಮೇಲೆ ಉಳಿದದ್ದು ಸಿನಿಮಾ, ಕ್ರೀಡೆ ಮತ್ತು ಉದ್ಯೋಗದ ಪತ್ರಿಕೆ. ಬೆಳಿಗ್ಗೆ ಬರುತ್ತಿದ್ದ ಹಿರಿಯರು ಜಗಳವಾಡಲಿಲ್ಲ, ದೂರು ಕೊಡಲಿಲ್ಲ, ಬರುವುದನ್ನೇ ನಿಲ್ಲಿಸಿದರು. ನನಗೆ ಇವತ್ತಿಗೂ ಬಾಧಿಸುವುದು ಆ ಖಾಲಿ ಬೆಂಚು. ತಟಸ್ಥಳಾಗಿರಲು ಹೋಗಿ ನಾನು ಕೂಗುವವರ ಪಕ್ಷ ಸೇರಿಬಿಟ್ಟಿದ್ದೆ.

ಗ್ರಂಥಾಲಯಕ್ಕೆ ರಾಜಕೀಯ ಬೇಡ ಎಂಬ ಮಾತು ಅರ್ಧ ಸತ್ಯ. ಪಕ್ಷದ ಸಭೆ, ಬ್ಯಾನರ್, ಕರಪತ್ರ, ಮುಖಂಡರ ಫೋಟೊ ಗ್ರಂಥಾಲಯಕ್ಕೆ ಖಂಡಿತ ಬೇಡ. ಆದರೆ ಊರಿನ ರಸ್ತೆಗೆ ಎಷ್ಟು ದುಡ್ಡು ಬಂತು, ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿದೆಯೇ, ಗ್ರಾಮಸಭೆ ಯಾವತ್ತು, ಸರ್ಕಾರ ಹೊರಡಿಸಿದ ಕರಡಿನಲ್ಲಿ ನಮ್ಮ ಊರಿನ ಹೆಸರಿದೆಯೇ ಎಂದು ತಿಳಿಯುವುದು ಪಕ್ಷದ ಕೆಲಸವಲ್ಲ, ಮತ ಹಾಕುವ ಪ್ರತಿಯೊಬ್ಬರ ಕೆಲಸ. ಅಂದಹಾಗೆ, ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯುವುದೇ ಪಕ್ಷದ ಚಿಹ್ನೆ ಇಲ್ಲದೆ. ವ್ಯಕ್ತಿಯನ್ನೂ ಅವರ ಕೆಲಸವನ್ನೂ ನೋಡಿ ಆರಿಸಿ ಎಂಬುದು ಕಾನೂನಿನ ಆಶಯ. ಕೆಲಸವನ್ನು ನೋಡಬೇಕಾದರೆ ಅದರ ಲೆಕ್ಕ ಎಲ್ಲಾದರೂ ಓದಲು ಸಿಗಬೇಕಲ್ಲ?

ಈಗ ‘ದುಡ್ಡು ಕೊಡುವವರು ನಾವು’ ಎಂಬ ಮಾತಿಗೆ ಬರೋಣ. ನಿಮ್ಮ ಮನೆ ಕಂದಾಯದ ರಸೀದಿಯನ್ನು ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರಗಳ ಜೊತೆಗೆ ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದೆ, ತೆರಿಗೆಯ ಮೇಲೆ ಶೇ 6. ಸಾವಿರ ರೂಪಾಯಿ ತೆರಿಗೆಗೆ 60 ರೂಪಾಯಿ. ಇದರ ಬೇರು ಮೈಸೂರು ರಾಜ್ಯದ ಕಾಲದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲಿದೆ. ಗ್ರಂಥಾಲಯ ಯಾರೋ ದೊಡ್ಡವರ ದಾನವಾಗಬಾರದು, ಊರೇ ಅದನ್ನು ಸಾಕಬೇಕು ಎಂಬ ಯೋಚನೆ ಅದರ ಹಿಂದಿತ್ತು. ಪತ್ರಿಕೆಯ ಬಿಲ್ಲಿಗೆ ಸಹಿ ಹಾಕುವವರು ಪಂಚಾಯಿತಿಯವರು, ನಿಜ. ದುಡ್ಡು ಕೊಟ್ಟವರಲ್ಲಿ ಆ ಸದಸ್ಯರಿಗೆ ಮತ ಹಾಕಿದವರೂ ಇದ್ದಾರೆ, ಹಾಕದವರೂ ಇದ್ದಾರೆ.

ಆದರೆ ನಿಮ್ಮ ಕಷ್ಟದ ಮೂಲ ಇನ್ನೊಂದು ಕಡೆ ಇದೆ, ಅದನ್ನು ಮುಚ್ಚಿಡಬಾರದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಅದರಿಂದ ಒಳ್ಳೆಯದೂ ಆಯಿತು. ಬಣ್ಣ ಬಿತ್ತು, ಕಂಪ್ಯೂಟರ್ ಬಂತು, 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಹಿಂಡುಹಿಂಡಾಗಿ ಬಂದರು. ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ನಿಮ್ಮ ಮೇಲಧಿಕಾರಿ ದೂರದ ಮಡಿಕೇರಿಯಲ್ಲಿ ಇರುತ್ತಿದ್ದರು. ಈಗ ಆಡಳಿತ ಪಕ್ಕದ ಕೋಣೆಯಲ್ಲೇ ಇದೆ. ಕೇಳಿದ್ದು ಬೇಗ ಸಿಗುತ್ತದೆ, ಒತ್ತಡವೂ ಬೇಗ ತಲುಪುತ್ತದೆ. ಗಡಿಯಾಚೆ ಕೇರಳದಲ್ಲಿ ಪದ್ಧತಿಯೇ ಬೇರೆ. ಅಲ್ಲಿ 1945ರಲ್ಲಿ ಪಿ.ಎನ್. ಪಣಿಕ್ಕರ್ ಮುಂದಾಳತ್ವದಲ್ಲಿ ಶುರುವಾದ ಗ್ರಂಥಶಾಲಾ ಸಂಘದ ಚಳವಳಿಯಿಂದ ಊರಿನವರೇ ಸದಸ್ಯರಾಗಿ ಸಮಿತಿ ಆರಿಸಿ ಗ್ರಂಥಾಲಯ ನಡೆಸುವ ರೂಢಿ ಬೆಳೆಯಿತು. ಅಲ್ಲಿಯೂ ಸಮಿತಿ ಹಿಡಿಯಲು ಪಕ್ಷಗಳ ಪೈಪೋಟಿ ಇಲ್ಲದಿಲ್ಲ. ಆದರೆ ಗ್ರಂಥಪಾಲಕರ ಬೆನ್ನಿಗೆ ಓದುಗರ ಒಂದು ಗುಂಪು ನಿಂತಿರುತ್ತದೆ. ನಮ್ಮಲ್ಲಿ ಗ್ರಂಥಪಾಲಕಿ ಒಬ್ಬಂಟಿ. ನಿಮಗೆ ಮುಖ್ಯವಾಗಿ ಬೇಕಾದದ್ದು ಆ ಬೆನ್ನಾಸರೆ. ಅದನ್ನು ಹೇಗೆ ಕಟ್ಟಿಕೊಳ್ಳುವುದೆಂದು ಕೊನೆಗೆ ಬರೆಯುತ್ತೇನೆ.

ನೀತಿಸಂಹಿತೆಯ ವಿಷಯ ಬೇಗ ಮುಗಿಸುತ್ತೇನೆ. ನೀತಿಸಂಹಿತೆ ಜಾರಿಯಾದಾಗ ಸರ್ಕಾರಿ ಕಟ್ಟಡದಲ್ಲಿ ಪ್ರಚಾರ ಕೂಡದು, ರಾಜಕೀಯ ಮುಖಂಡರ ಪ್ರಚಾರದ ಚಿತ್ರಗಳನ್ನು ತೆಗೆಯಬೇಕು. ದಿನಪತ್ರಿಕೆಯನ್ನು ಓದಲು ಇಡಬಾರದು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಚುನಾವಣೆಯ ಹೊತ್ತಿಗೆ ಜನರಿಗೆ ಪತ್ರಿಕೆ ಹೆಚ್ಚು ಬೇಕಾಗುತ್ತದೆ. ಯಾರಾದರೂ ಪಕ್ಷದ ಮುಖವಾಣಿಯನ್ನು ಪುಕ್ಕಟೆ ತಂದು ಮೇಜಿನ ಮೇಲೆ ಇಟ್ಟುಹೋದರೆ ಏನು ಮಾಡುವುದು ಎಂದು ಕೇಳಬಹುದು. ಪಂಚಾಯಿತಿ ಚಂದಾ ಕಟ್ಟಿ ತರಿಸುವ ಪತ್ರಿಕೆಗಳು ಮಾತ್ರ ಮೇಜಿನ ಮೇಲೆ, ತಂದು ಸುರಿದುಹೋದದ್ದು ಯಾವುದೇ ಪಕ್ಷದ್ದಾಗಲಿ ಹೊರಗೆ. ನನ್ನ ಅನುಭವದಲ್ಲಿ ಹೆಚ್ಚು ದಿನ ಬಾಳಿದ ನಿಯಮ ಇದು.

ಇನ್ನೊಂದು ತಪ್ಪು ತಿಳಿವಳಿಕೆ, ‘ಈ ಪುಸ್ತಕದ ಮೇಲೆ ದೂರು ಬಂದಿದೆ, ಆದ್ದರಿಂದ ಇಡುವ ಹಾಗಿಲ್ಲ’ ಎಂಬುದು. ಪುಸ್ತಕವನ್ನಾಗಲಿ ಪತ್ರಿಕೆಯನ್ನಾಗಲಿ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಸದಸ್ಯರಿಗೂ ಇಲ್ಲ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಇಲ್ಲ, ನಮಗಂತೂ ಇಲ್ಲವೇ ಇಲ್ಲ. ಅದನ್ನು ರಾಜ್ಯ ಸರ್ಕಾರ ಕಾರಣಗಳನ್ನು ಬರೆದು ಅಧಿಸೂಚನೆ ಹೊರಡಿಸಿ ಮಾಡಬೇಕು. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 95ನೇ ಸೆಕ್ಷನ್‌ನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 98ನೇ ಸೆಕ್ಷನ್. ಅದರ ವಿರುದ್ಧ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಕೇಳುತ್ತದೆ. ಒಂದು ಪುಸ್ತಕವನ್ನು ತಡೆಯಲು ಕಾನೂನು ಇಷ್ಟು ಮೆಟ್ಟಿಲು ಇಟ್ಟಿರುವಾಗ, ಬಾಗಿಲಲ್ಲಿ ನಿಂತು ಆಡಿದ ಒಂದು ಮಾತಿಗೆ ಪುಸ್ತಕ ಒಳಗೆ ಹೋಗಬಾರದು. ಅಧಿಸೂಚನೆ ಇದ್ದರೆ ಮಾತ್ರ, ಪ್ರಶ್ನೆಯೇ ಇಲ್ಲದೆ ತೆಗೆದಿಡಿ.

ಕೊಡಗಿನಲ್ಲಿ ಈ ಪರೀಕ್ಷೆ ಎಲ್ಲಿ ಬರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಟಿಪ್ಪು ವಿಷಯದ ಕಪಾಟಿನಲ್ಲಿ ಬರುತ್ತದೆ. ಕೊಡಗು 1956ರ ನವೆಂಬರ್ 1ಕ್ಕೆ ಮೊದಲು 24 ಸದಸ್ಯರ ವಿಧಾನಸಭೆ ಇದ್ದ ಪ್ರತ್ಯೇಕ ರಾಜ್ಯವಾಗಿತ್ತು. ಮೈಸೂರಿಗೆ ಸೇರಿದ್ದು ಸರಿಯೇ ತಪ್ಪೇ ಎಂಬ ಮಾತಿನಲ್ಲೂ ಬರುತ್ತದೆ. ಕಾಡಾನೆ, ಹಾಡಿ (ಬುಡಕಟ್ಟು ಜನರ ವಸತಿ), ಅರಣ್ಯ ಹಕ್ಕು ಎಂದಾಗಲೂ ಬರುತ್ತದೆ. ಇಂಥ ಕಡೆ ನಾನು ಪಾಲಿಸಿದ ಕ್ರಮ ಇಷ್ಟೇ: ಹೊಗಳಿದ್ದೂ ತೆಗಳಿದ್ದೂ ಒಂದೇ ಅಡ್ಡಪಟ್ಟಿಯಲ್ಲಿ ಪಕ್ಕಪಕ್ಕ ಇರಬೇಕು. ಒಂದನ್ನು ಕೈಗೆಟಕುವಲ್ಲಿ ಇಟ್ಟು ಇನ್ನೊಂದನ್ನು ಏಣಿ ಹತ್ತುವಲ್ಲಿ ಇಟ್ಟರೆ ಅದೂ ಪಕ್ಷಪಾತವೇ. ಒಂದು ಕಡೆಯ ಪುಸ್ತಕ ಇಲ್ಲದಿದ್ದರೆ ಇಲ್ಲ ಎಂದು ಗುರುತು ಹಾಕಿಕೊಂಡು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಸೇರಿಸಿ. ಯುನೆಸ್ಕೊದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ 1994ರ ಆವೃತ್ತಿಯಲ್ಲೇ, ಗ್ರಂಥಾಲಯದ ಸಂಗ್ರಹ ಸೈದ್ಧಾಂತಿಕ, ರಾಜಕೀಯ, ಧಾರ್ಮಿಕ ಸೆನ್ಸಾರಿಗೂ ವ್ಯಾಪಾರದ ಒತ್ತಡಕ್ಕೂ ಒಳಗಾಗಬಾರದು ಎಂದಿದೆ. ಯಾರಾದರೂ ‘ಯಾರು ಹೇಳಿದ್ದು ಹೀಗೆ ಇಡಬೇಕೆಂದು’ ಎಂದು ಕೇಳಿದರೆ ಇದನ್ನು ತೋರಿಸಬಹುದು.

ಈಗ ರಿಜಿಸ್ಟರ್. ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಕಳವಳಕ್ಕೆ ಈಡುಮಾಡಿದ್ದು ಇದು. ಪತ್ರಿಕೆ ತೆಗೆದದ್ದು ಎಲ್ಲರಿಗೂ ಕಾಣುತ್ತದೆ, ಯಾರಾದರೂ ಕೇಳುತ್ತಾರೆ. ರಿಜಿಸ್ಟರ್ ತಿರುವಿದ್ದು ಕಾಣುವುದಿಲ್ಲ. ನಮ್ಮ ಕಡೆ ಹೆಸರು ಎಂದರೆ ಬರಿಯ ಹೆಸರಲ್ಲ. ಮನೆಹೆಸರು ಓದಿದ ಕೂಡಲೇ ಯಾವ ಒಕ್ಕ (ಕೊಡವ ಮನೆತನ), ಯಾವ ಊರು, ಯಾರ ಸೊಸೆ, ಯಾರ ತೋಟದ ಕೆಲಸದವರು ಎಲ್ಲ ಗೊತ್ತಾಗುತ್ತದೆ. ಹೆಂಡತಿಯ ಮೇಲೆ ಕೈಮಾಡುವುದರ ವಿರುದ್ಧ ಇರುವ ಕಾನೂನಿನ ಪುಸ್ತಕವನ್ನು ಒಬ್ಬ ಹೆಂಗಸು ಮನೆಗೆ ಒಯ್ದಿದ್ದಾಳೆ ಎಂದುಕೊಳ್ಳಿ. ಕನಿಷ್ಠ ಕೂಲಿಯ ಪುಸ್ತಕವನ್ನು ಲೈನ್‌ಮನೆಯ ಹುಡುಗ ಒಯ್ದಿದ್ದಾನೆ ಎಂದುಕೊಳ್ಳಿ. ಆ ಸಾಲು ಬೇರೆಯವರ ಕಣ್ಣಿಗೆ ಬಿದ್ದರೆ ಮಾರನೆಯ ದಿನ ಇಬ್ಬರೂ ಬರುವುದಿಲ್ಲ. ಮತ ಹಾಕುವಾಗ ಅಡ್ಡ ರಟ್ಟು ಇಡುವುದು ಯಾಕೆ? ಮತಕ್ಕೆ ಮೊದಲು ಮನಸ್ಸು ಒಂದು ತೀರ್ಮಾನಕ್ಕೆ ಬರುವ ಹೊತ್ತಿನಲ್ಲೂ ಅಂಥ ಮರೆ ಬೇಕಾಗುತ್ತದೆ, ಓದುವವರಿಗೆ ಆ ಮರೆ ಗ್ರಂಥಾಲಯ.

ರಿಜಿಸ್ಟರ್ ಇರುವುದು ಪುಸ್ತಕ ವಾಪಸು ಬರಲೆಂದು. ಬಂದ ಮೇಲೆ ಆ ಸಾಲಿನ ಕೆಲಸ ಮುಗಿಯಿತು. ಆದ್ದರಿಂದ ಹೆಸರಿನ ಜಾಗದಲ್ಲಿ ಸದಸ್ಯತ್ವದ ಸಂಖ್ಯೆ ಬರೆಯಿರಿ, ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಪುಸ್ತಕದಲ್ಲಿ, ಬೀಗದೊಳಗೆ ಇರಲಿ. ಪಂಚಾಯಿತಿ ಸದಸ್ಯರು ಲೆಕ್ಕ ಕೇಳಿದರೆ ಧಾರಾಳವಾಗಿ ಕೊಡಿ: ಈ ತಿಂಗಳು ಎಷ್ಟು ಪುಸ್ತಕ ಹೋಯಿತು, ಮಕ್ಕಳ ಪುಸ್ತಕ ಎಷ್ಟು, ಎಷ್ಟು ಹೆಂಗಸರು ಬಂದರು. ಲೆಕ್ಕ ಕೇಳುವುದು ಅವರ ಹಕ್ಕು, ಹೆಸರು ಕೇಳುವುದಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ ಎಂದರೂ ವೈಯಕ್ತಿಕ ಮಾಹಿತಿಗೆ ಅದೇ ಕಾಯ್ದೆಯ 8(1)(ಜೆ) ವಿನಾಯಿತಿ ಇದೆ. ಪೊಲೀಸರು ಬಂದರೆ? ಬರಹದಲ್ಲಿ ಕೇಳಲಿ, ಪ್ರತಿ ಇಟ್ಟುಕೊಂಡು ಪಿಡಿಒಗೆ ಕಳಿಸಿ, ಅವರು ಕಾನೂನಿನಂತೆ ಉತ್ತರಿಸಲಿ. ನೀವಾಗಿ ಹಾಳೆ ಹರಿಯುವುದಾಗಲಿ ಬಚ್ಚಿಡುವುದಾಗಲಿ ಮಾಡಬೇಡಿ, ಅಲ್ಲಿ ನಿಜವಾಗಿಯೂ ನೌಕರಿಗೆ ಕುತ್ತು ಬರುತ್ತದೆ. ಅಮೆರಿಕದಲ್ಲಿ 2005ರಲ್ಲಿ ಎಫ್‌ಬಿಐ, ಕನೆಕ್ಟಿಕಟ್ ರಾಜ್ಯದ ಒಂದು ಗ್ರಂಥಾಲಯ ಒಕ್ಕೂಟದಿಂದ ಕಂಪ್ಯೂಟರ್ ಬಳಕೆದಾರರ ಮಾಹಿತಿ ಕೇಳಿ, ಈ ವಿಷಯವನ್ನು ಯಾರಿಗೂ ಹೇಳಬಾರದು ಎಂದು ಕಟ್ಟಪ್ಪಣೆ ಮಾಡಿತು. ಅಲ್ಲಿನ ನಾಲ್ವರು ಗ್ರಂಥಪಾಲಕರು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು, 2006ರಲ್ಲಿ ಸರ್ಕಾರವೇ ಹಿಂದೆ ಸರಿಯಿತು. ಅವರು ಮಾಡಿದ್ದೂ ಕಾನೂನಿನ ದಾರಿಯಲ್ಲೇ.

ಮೇಜಿನ ಜಗಳದ ವಿಷಯಕ್ಕೆ ಬರುತ್ತೇನೆ. ಸೂಕ್ಷ್ಮ ಪ್ರದೇಶದ ಕರಡನ್ನೇ ತೆಗೆದುಕೊಳ್ಳಿ. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿಯಿತು, ಮರುದಿನ ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟದ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. ಆರು ರಾಜ್ಯಗಳ ಸುಮಾರು 56,800 ಚದರ ಕಿಲೋಮೀಟರ್ ಅದರಲ್ಲಿದೆ. ಆಕ್ಷೇಪಣೆಗೆ 60 ದಿನ. ನೆನಪಿಸಿಕೊಳ್ಳಿ, ಆ 60 ದಿನ ಯಾವ ತಿಂಗಳುಗಳು? ಆಗಸ್ಟ್, ಸೆಪ್ಟೆಂಬರ್. ಕರೆಂಟು ಹೋದರೆ ಮೂರು ದಿನ ಬಾರದ, ಟವರು ಸತ್ತು ಮಲಗುವ, ಮರ ಬಿದ್ದು ಬಸ್ಸು ನಿಲ್ಲುವ ಮಳೆಗಾಲ. ಗೆಜೆಟ್ ಇರುವುದು ಅಂತರ್ಜಾಲದಲ್ಲಿ, ಅದೂ ಹಿಂದಿ, ಇಂಗ್ಲಿಷಿನಲ್ಲಿ. ಹಾಗಾದಾಗ ಚಹಾ ಅಂಗಡಿಯ ಮಾತೇ ಗೆಜೆಟ್ ಆಗುತ್ತದೆ: ‘ಇನ್ನು ಮನೆ ಕಟ್ಟುವ ಹಾಗಿಲ್ಲವಂತೆ, ಕಾಫಿ ತೋಟ ಸರ್ಕಾರಕ್ಕೆ ಹೋಗುತ್ತದಂತೆ.’ ಇನ್ನೊಂದು ಕಡೆ, ‘ಏನೂ ಆಗುವುದಿಲ್ಲ, ಸುಮ್ಮನೆ ಕಾಗದ.’ ಎರಡನ್ನೂ ಹೇಳಿದವರು ಕರಡನ್ನು ಓದಿಲ್ಲ.

ಕರಡಿನಲ್ಲಿ ಗಣಿಗಾರಿಕೆ, ಕಲ್ಲುಗಣಿ, ಮರಳು ತೆಗೆಯುವುದಕ್ಕೆ ನಿಷೇಧ, ಹೊಸ ಉಷ್ಣ ವಿದ್ಯುತ್ ಸ್ಥಾವರಕ್ಕೆ ನಿಷೇಧ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಹೊಸ ಕೈಗಾರಿಕೆಗೆ ನಿಷೇಧ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡಕ್ಕೆ ನಿಷೇಧ ಇದೆ. ಇದನ್ನು ಓದಿದ ಮೇಲೂ ಒಬ್ಬ ಬೆಳೆಗಾರರಿಗೆ ಆತಂಕ ಇರಬಹುದು: ಇವತ್ತು ಇಷ್ಟು, ನಾಳೆ ಇನ್ನೆಷ್ಟು ನಿರ್ಬಂಧವೋ ಎಂದು. ಅದು ನ್ಯಾಯವಾದ ಆತಂಕ. 2018ರ ಆಗಸ್ಟಿನಲ್ಲಿ ಮನೆ ಕಳೆದುಕೊಂಡವರಿಗೆ, 2019ರಲ್ಲಿ ತೋರ ಗ್ರಾಮದ, 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿದದ್ದನ್ನು ಕಂಡವರಿಗೆ ಈ ನಿಯಮಗಳು ಸಾಲವು ಅನ್ನಿಸಬಹುದು. ಅದೂ ನ್ಯಾಯವೇ. ಅವರಿಬ್ಬರಲ್ಲಿ ಯಾರು ಸರಿ ಎಂದು ಹೇಳುವುದು ನಿಮ್ಮ ಕೆಲಸವಲ್ಲ. ಕರಡಿನ ಪ್ರತಿ, ಅದರ ಮುಖ್ಯ ಅಂಶಗಳ ಕನ್ನಡ ಸಾರ, ಬೆಳೆಗಾರರ ಸಂಘಟನೆಗಳ ಆಕ್ಷೇಪ, ಪರಿಸರದವರ ವಾದ, ಆಕ್ಷೇಪಣೆ ಕಳಿಸುವ ವಿಳಾಸ ಮತ್ತು ಕೊನೆಯ ದಿನಾಂಕ, ಇವಿಷ್ಟನ್ನು ಒಂದು ಫೈಲಿನಲ್ಲಿ ಹಾಕಿ ದಾರ ಕಟ್ಟಿ ಮೇಜಿಗೆ ಇಡುವುದು ನಿಮ್ಮ ಕೆಲಸ. ಕನ್ನಡ ಸಾರ ಯಾರು ಬರೆದದ್ದು ಎಂದು ಮೇಲೆ ನಮೂದಿಸಿ, ಮೂಲವನ್ನು ಜೊತೆಗೇ ಇಡಿ, ಅನುಮಾನ ಬಂದವರು ತಾಳೆ ನೋಡಲಿ. ಹೀಗೆ ಮಾಡಿದ ಮೇಲೂ ಜಗಳ ನಿಲ್ಲುವುದಿಲ್ಲ. ಆದರೆ ಜಗಳ ‘ಅಂತೆ’ಯಿಂದ ‘ಇಲ್ಲಿ ಹೀಗೆ ಬರೆದಿದೆ’ ಎಂಬಲ್ಲಿಗೆ ಬರುತ್ತದೆ. ನನಗೆ ಅಷ್ಟು ಸಾಕಾಗುತ್ತಿತ್ತು. ದನಿ ಏರಿದರೆ ತಡೆಯಿರಿ, ಅಭಿಪ್ರಾಯಕ್ಕಾಗಿ ಯಾರನ್ನೂ ತಡೆಯಬೇಡಿ. ಮಾತು ಬೆಳೆಯುವಂತಿದ್ದರೆ ಮಕ್ಕಳಿಲ್ಲದ ಒಂದು ಸಂಜೆ ಗೊತ್ತುಮಾಡಿ, ಎರಡೂ ಕಡೆಯವರಿಗೆ ಹತ್ತು ಹತ್ತು ನಿಮಿಷ ಕೊಡಿ.

ಮಳೆಗಾಲಕ್ಕೆ ಇನ್ನೊಂದು ಮಾತು. ಗಾಳಿಸುದ್ದಿ ಹಬ್ಬುವ ದಿನಗಳಲ್ಲಿ ಬಾಗಿಲ ಬಳಿ ಒಂದು ಕರಿಹಲಗೆ ಇಡಿ. ಅದರಲ್ಲಿ ಸುದ್ದಿಯ ಮುಂದೆ ಎರಡು ಕಾಲಂ ಇರಲಿ: ಹೇಳಿದ್ದು ಯಾರು, ಎಷ್ಟು ಗಂಟೆಗೆ. ಜಿಲ್ಲಾಡಳಿತದ ಪ್ರಕಟಣೆ, ಹವಾಮಾನ ಇಲಾಖೆಯ ಎಚ್ಚರಿಕೆ, ಶಾಲೆಗೆ ರಜೆ, ಯಾವ ರಸ್ತೆ ಬಂದ್. ಎರಡು ಕಾಲಂ ತುಂಬಲಾಗದ ಸುದ್ದಿ ಹಲಗೆಗೆ ಏರಬಾರದು. ವಾಟ್ಸ್ಆ್ಯಪ್‌ನಲ್ಲಿ ಬಂದದ್ದರ ಎದುರು ‘ಯಾರು’ ಎಂಬ ಕಾಲಂ ಖಾಲಿ ಉಳಿಯುವುದನ್ನು ಜನ ತಾವೇ ನೋಡಿ ಕಲಿಯುತ್ತಾರೆ.

ಮಾಹಿತಿ ಹಕ್ಕಿನ ಅರ್ಜಿಗೆ ಕೈ ನಡುಗಿತು ಎಂದಿರಿ. ನಡುಗಬೇಕಾಗಿಲ್ಲ, ಆದರೆ ಎಚ್ಚರ ಬೇಕು. 2005ರ ಆ ಕಾಯ್ದೆಯ 4(1)(ಬಿ) ಕಲಮಿನಲ್ಲಿ, ಪ್ರತಿ ಸಾರ್ವಜನಿಕ ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕಾದ 17 ಬಾಬ್ತುಗಳಿವೆ. ಅವುಗಳಲ್ಲಿ 15ನೆಯದು ಏನು ಗೊತ್ತೇ? ನಾಗರಿಕರು ಮಾಹಿತಿ ಪಡೆಯಲು ಇರುವ ಸೌಲಭ್ಯಗಳ ವಿವರ, ಸಾರ್ವಜನಿಕರಿಗೆ ಗ್ರಂಥಾಲಯ ಅಥವಾ ವಾಚನಾಲಯ ಇದ್ದರೆ ಅದರ ವೇಳೆಯೂ ಸೇರಿ. ಮಾಹಿತಿಗೂ ಗ್ರಂಥಾಲಯಕ್ಕೂ ಇರುವ ನಂಟನ್ನು ಸಂಸತ್ತೇ ಬರೆದಿಟ್ಟಿದೆ. ಅಷ್ಟೇ ಅಲ್ಲ, ಬರೆಯಲು ಬಾರದವರು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯದೇ ಕರ್ತವ್ಯ ಎಂದು 6(1)ರಲ್ಲಿದೆ. ಯಾಕೆ ಬೇಕು ಎಂದು ಅರ್ಜಿದಾರರು ಕಾರಣ ಹೇಳಬೇಕಾಗಿಲ್ಲ.

ಹಾಗಿದ್ದರೂ ನೀವು ಪಂಚಾಯಿತಿಯ ಅಡಿ ಕೆಲಸ ಮಾಡುವವರು, ಅರ್ಜಿ ಅದೇ ಪಂಚಾಯಿತಿಗೆ. ನಿಮ್ಮ ಅಕ್ಷರದಲ್ಲಿ ಅರ್ಜಿ ಹೋದರೆ ಅದು ನಿಮ್ಮ ದೂರು ಎಂದೇ ಓದಿಕೊಳ್ಳುತ್ತಾರೆ. ಆದ್ದರಿಂದ ನಮೂನೆ ಇಡಿ, ಮಾದರಿ ಅರ್ಜಿಯೊಂದನ್ನು ಗೋಡೆಗೆ ಅಂಟಿಸಿ, ಹೇಗೆಂದು ಹೇಳಿಕೊಡಿ: ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, ನಮ್ಮ ರಾಜ್ಯದ ನಿಯಮದಲ್ಲಿ 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ಬರೆಯುವ ಕೈ ಅವರದೋ ಅವರ ಮಗಳದೋ ಆಗಿರಲಿ. ಬಂದವರು ಯಾರೇ ಆಗಲಿ, ಸದಸ್ಯರ ಮಗನೇ ಆಗಲಿ, ಇದೇ ಸಹಾಯ, ಇಷ್ಟೇ ಸಹಾಯ. ಮತದಾರರ ಪಟ್ಟಿಗೆ ಸೇರುವ ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8, ಹಾಡಿಯವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ನಮೂನೆಗಳು, ಇವೂ ಅದೇ ಫೈಲಿನಲ್ಲಿ ಇರಲಿ.

ಲೈನ್‌ಮನೆಯವರ ಬಗ್ಗೆ ಒಂದು ಮಾತು ಸೇರಿಸಲೇಬೇಕು, ಯಾಕೆಂದರೆ ನಿಮ್ಮ ಬಳಿ ಅರ್ಜಿ ಕೇಳಲು ಬಂದ ಆ ವ್ಯಕ್ತಿ ಬಾಗಿಲವರೆಗೆ ಬಂದದ್ದೇ ದೊಡ್ಡದು. ಬೆಳಿಗ್ಗೆ ತೋಟಕ್ಕೆ ಹೋಗಿ ಸಂಜೆ ಬರುವವರಿಗೆ ನಮ್ಮ ಸಮಯ ಹೊಂದುವುದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಂತೂ ಕೇಳುವುದೇ ಬೇಡ. ಅವರಿಗೆ ಬಿಡುವು ಸಿಗುವುದು ಸಂತೆಯ ದಿನ. ನಿಮ್ಮ ವಾರದ ರಜೆ ಸಂತೆಯ ದಿನವೇ ಬಿದ್ದಿದ್ದರೆ ಅದನ್ನು ಬದಲಿಸಲು ಪಿಡಿಒಗೆ ಬರೆಯಿರಿ. ಓದಲು ಬಾರದವರಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಲು ಒಬ್ಬ ಕಾಲೇಜು ಹುಡುಗಿಯನ್ನೋ ಹುಡುಗನನ್ನೋ ಗೊತ್ತುಮಾಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ಮಾತು ಎಲ್ಲ ಒಂದೇ ಊರಿನಲ್ಲಿ ಕೇಳುವ ಜಿಲ್ಲೆ ನಮ್ಮದು. ಕನ್ನಡದಲ್ಲಿ ಓದಿದ್ದನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಿದಾಗಲೇ ಹಲವರಿಗೆ ಗ್ರಾಮಸಭೆಯ ನೋಟಿಸು ಅರ್ಥವಾಗುವುದು. ‘ಅವರೆಲ್ಲ ಬಂದು ಕೂತರೆ ನಾವೆಲ್ಲಿ ಕೂರುವುದು’ ಎಂದು ಯಾರಾದರೂ ಕೇಳಿದರೆ ಇನ್ನೊಂದು ಬೆಂಚಿಗೆ ಬೇಡಿಕೆ ಸಲ್ಲಿಸಿ, ಬೇರೆ ವಿವರಣೆ ಬೇಡ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಪತ್ರಿಕೆಯನ್ನು ಸದ್ದಿಲ್ಲದೆ ಒಳಗಿಡುವುದು ಸುಲಭದ್ದು, ಅದರ ಕಥೆ ಮೇಲೆ ಹೇಳಿದ್ದೇನೆ. ಮುಖದ ಮೇಲೆ ಆಗುವುದಿಲ್ಲ ಎನ್ನುವುದು ನ್ಯಾಯ, ಆದರೆ ಒಬ್ಬಂಟಿಯಾಗಿ ಎದುರು ನಿಂತರೆ ನಾಳೆ ಹಾಜರಾತಿ, ಕಸ, ಕಿಟಕಿ ಎಂದು ಬೇರೆ ನೆಪದಲ್ಲಿ ತೊಂದರೆ ಶುರುವಾಗುತ್ತದೆ. ನಾನು ಹೇಳುವುದು ಮೂರನೆಯದು: ‘ಆಯಿತು ಅಣ್ಣ, ಬರಹದಲ್ಲಿ ಕೊಡಿ, ಪಿಡಿಒ ಅವರಿಗೆ ಕಳಿಸಿ ಉತ್ತರ ತರಿಸುತ್ತೇನೆ. ಅಲ್ಲಿಯವರೆಗೆ ಇದ್ದ ಹಾಗೆ ಇರಲಿ.’ ಜಗಳವಿಲ್ಲ, ಒಪ್ಪಿಗೆಯೂ ಇಲ್ಲ. ಹತ್ತರಲ್ಲಿ ಎಂಟು ಬೇಡಿಕೆಗಳು ಕಾಗದಕ್ಕೆ ಬರುವುದೇ ಇಲ್ಲ, ಸಹಿ ಹಾಕಲು ಯಾರಿಗೂ ಇಷ್ಟವಿರುವುದಿಲ್ಲ. ಬಂದರೆ ತೀರ್ಮಾನ ಮಾಡುವ ಹೊಣೆ ಪಿಡಿಒಗೆ ಹೋಗುತ್ತದೆ. ಪಿಡಿಒ ಕೂಡ ಹೆದರಿ ತೆಗೆಯಿರಿ ಎಂದು ಬರೆದರೆ? ಪಾಲಿಸಬೇಕಾಗುತ್ತದೆ, ಆದರೆ ಆ ಆದೇಶದ ಪ್ರತಿ ನಿಮ್ಮ ಫೈಲಿನಲ್ಲಿ ಇರುತ್ತದೆ. ಯಾಕೆ ಪತ್ರಿಕೆ ಇಲ್ಲ ಎಂದು ಕೇಳುವ ಓದುಗರಿಗೆ ನೀವು ಸುಳ್ಳು ಹೇಳಬೇಕಾಗುವುದಿಲ್ಲ.

ಅದರ ಜೊತೆಗೆ, ಬಿಸಿ ಆರಿದ ಮೇಲೆ, ಒಂದು ಪುಟದ ನಿಯಮ ಬರೆಯಿರಿ. ಪತ್ರಿಕೆಗಳನ್ನು ಆರಿಸುವುದು ಹೇಗೆ: ಹೆಚ್ಚು ಓದುಗರಿರುವ ರಾಜ್ಯದ ದಿನಪತ್ರಿಕೆಗಳು, ಕೊಡಗಿನ ಸ್ಥಳೀಯ ಪತ್ರಿಕೆ, ಒಂದು ಕೃಷಿ ಪತ್ರಿಕೆ, ವರ್ಷಕ್ಕೊಮ್ಮೆ ಓದುಗರನ್ನು ಕೇಳಿ ಪರಿಶೀಲನೆ. ಆಕ್ಷೇಪ ಇದ್ದರೆ ಬರಹದಲ್ಲಿ. ಓದುಗರ ಹೆಸರು ಯಾರಿಗೂ ಕೊಡುವುದಿಲ್ಲ. ಪಕ್ಷದ ಸಾಮಗ್ರಿ ಇಡುವುದಿಲ್ಲ. ಇಷ್ಟನ್ನು ಐದಾರು ಓದುಗರಿಗೆ ತೋರಿಸಿ, ಅವರಲ್ಲಿ ಬೇರೆ ಬೇರೆ ಕಡೆಯವರು ಇರಲಿ, ಒಬ್ಬ ನಿವೃತ್ತ ಮೇಷ್ಟರು, ಒಬ್ಬ ಸ್ವಸಹಾಯ ಸಂಘದ ಹೆಂಗಸು, ಲೈನ್‌ಮನೆಯ ಒಬ್ಬರು ಇರಲಿ. ಅವರ ಮೂಲಕ ಗ್ರಾಮಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ಬರೆಸಿ. ನಾನು ಹೇಳಿದ ಬೆನ್ನಾಸರೆ ಇದು. ಇದರಲ್ಲೂ ಅಪಾಯ ಇದೆ: ಸಭೆ ಬಿಸಿಯಾಗಿದ್ದರೆ ಬಹುಮತ ನಿಮ್ಮ ವಿರುದ್ಧವೇ ಕೈ ಎತ್ತಬಹುದು. ಅದಕ್ಕೇ ಚುನಾವಣೆಯ ಹೊಸ್ತಿಲಲ್ಲಿ ಇದನ್ನು ತರಬೇಡಿ. ಹೊಸ ಮಂಡಳಿ ಬಂದು ಎಲ್ಲರೂ ಒಳ್ಳೆಯ ಹೆಸರು ಬಯಸುವ ಮೊದಲ ಕೆಲವು ತಿಂಗಳು ಸರಿಯಾದ ಕಾಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇಡಿ. ನಾಳೆ ಬೆಳಿಗ್ಗೆ ಬಾಗಿಲು ತೆಗೆದಾಗ ಆ ಎರಡು ಪತ್ರಿಕೆಗಳನ್ನು ಉಳಿದವುಗಳ ನಡುವೆ, ಯಾವಾಗಲೂ ಇದ್ದ ಜಾಗದಲ್ಲೇ ಇಡಿ, ಮುಂದಕ್ಕೂ ಬೇಡ, ಹಿಂದಕ್ಕೂ ಬೇಡ. ಒಳಗಿಟ್ಟ ದಿನಗಳ ಹಳೆಯ ಸಂಚಿಕೆಗಳನ್ನೂ ಕ್ಲಿಪ್ಪಿಗೆ ಹಾಕಿ. ಆ ಸದಸ್ಯರು ಬಂದರೆ ಕುರ್ಚಿ ಕೊಡಿ, ಅವರು ಇಷ್ಟಪಡುವ ಪತ್ರಿಕೆಯನ್ನು ನೀವೇ ಎತ್ತಿ ಕೈಗೆ ಕೊಡಿ, ಬರಹದಲ್ಲಿ ಕೊಡುವ ವಿಷಯವನ್ನು ಅದೇ ದನಿಯಲ್ಲಿ ಹೇಳಿ. ರಿಜಿಸ್ಟರ್ ಮಾತ್ರ ನಾಳೆಯವರೆಗೆ ಕಾಯಬಾರದು. ಇವತ್ತು ಸಂಜೆ ಬೀಗ ಹಾಕುವ ಮೊದಲು ಅದನ್ನು ಮೇಜಿನಿಂದ ತೆಗೆದು ಡ್ರಾಯರಿನೊಳಗೆ ಇಡಿ, ಕೀಲಿ ನಿಮ್ಮ ಬಳಿಯೇ ಇರಲಿ.